ಗುರುತಿಲ್ಲದ ಸಮಾಧಿಗಳೂ ಭೂಭೌತ ಶೋಧನೆಯೂ: ಒಂದು ವಿಮರ್ಶೆ

೧

ನೆಲವನ್ನು ಅಗೆಯದೆಯೇ ಅದರ ಒಡಲಲ್ಲಿ ಏನಿದೆಯೆಂದು ತಿಳಿಯುವ ಬಯಕೆ ಪ್ರಾಕ್ತನ ಸಂಶೋಧಕರಲ್ಲಿ ಹೊಸದಲ್ಲ. ಅಗೆದ ನೆಲ ಮತ್ತೆ ಮೊದಲಿನಂತಾಗುವುದಿಲ್ಲ. ಒಬ್ಬನು ಒಂದು ಪದರವನ್ನು ತೆಗೆದುಹಾಕಿದ ಮೇಲೆ ಅದನ್ನು ಇನ್ನೊಬ್ಬನು ಪರೀಕ್ಷಿಸುವಂತಿಲ್ಲ. ಆದಕಾರಣ ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಡುವ ವಿದ್ಯೆಗೆ ಬೆಲೆ ಬಂದುದು ಸಹಜವೇ. ೧೯೪೬ರಲ್ಲಿ ರಿಚರ್ಡ್ ಅಟ್ಕಿನ್‌ಸನ್ನರು ಇಂಗ್ಲೆಂಡಿನ ಥೇಮ್ಸ್ ನದಿಯ ಬಳಿಯ ಡಾರ್ಚೆಸ್ಟರಿನಲ್ಲಿ ನೆಲದೊಳಕ್ಕೆ ವಿದ್ಯುತ್ತನ್ನು ಹಾಯಿಸಿ, ಮುಚ್ಚಿಹೋಗಿದ್ದ ಪ್ರಾಚೀನ ಕಂದಕಗಳ ಜಾಡನ್ನು ಹಿಡಿದರು. ೧೯೫೮ರಲ್ಲಿ ಮಾರ್ಟಿನ್ ಏಟ್ಕಿನ್ನರು ವಾಟರ್ ನ್ಯೂಟನ್ ಎಂಬಲ್ಲಿ ಪ್ರೋಟಾನ್ ಮ್ಯಾಗ್ನೆಟೋಮೀಟರಿನ ಸಹಾಯದಿಂದ ರೋಮನರ ಕಾಲದ ಕುಂಬಾರರ ಆವಿಗೆಯೊಂದನ್ನು ಪತ್ತೆಮಾಡಿದರು. ಅಲ್ಲಿಂದೀಚೆಗೆ ಈ ಶಾಸ್ತ್ರ ಬಹುವಾಗಿ ಬೆಳೆದಿದೆ.

ಈಚಿನ ವರ್ಷಗಳಲ್ಲಿ ಅದು ಇನ್ನೊಂದು ಕೆಲಸಕ್ಕೂ ಕರೆಯಲ್ಪಟ್ಟಿದೆ: ಗುರುತಿಲ್ಲದ ಸಮಾಧಿಗಳನ್ನು ಹುಡುಕುವುದಕ್ಕೆ. ಅದರ ಫಲಗಳು ಪಂಡಿತರ ಕೋಣೆಯಲ್ಲಿ ನಿಲ್ಲದೆ ವೃತ್ತಪತ್ರಿಕೆಗಳ ಮೂಲಕ ಲೋಕವೆಲ್ಲವನ್ನೂ ಮುಟ್ಟಿವೆ. ೨೦೨೫ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನಡೆದ ಒಂದು ತನಿಖೆಯ ಕಾಲದಲ್ಲಿ ಜಿಪಿಆರ್ ಎಂಬ ಹೆಸರು ಕನ್ನಡಿಗರ ಮನೆಮಾತಾಯಿತು. ಆ ವಿಷಯ ತನಿಖೆಗೂ ನ್ಯಾಯಸ್ಥಾನಕ್ಕೂ ಸೇರಿದುದಾದುದರಿಂದ ಅದರಲ್ಲಿ ನಾವು ಕೈಯಿಕ್ಕುವುದಿಲ್ಲ. ಪ್ರಕೃತ ಲೇಖನದಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವುದು ಉಪಕರಣವನ್ನಲ್ಲ. ಉಪಕರಣದ ಮಾತನ್ನು ಮನುಷ್ಯರು ಓದುವ ಬಗೆಯನ್ನು. ಶಿಥಿಲವಾದ ಓಲೆಗಳನ್ನೂ ಸವೆದ ಶಾಸನಗಳನ್ನೂ ಓದಿ ಅಭ್ಯಾಸವುಳ್ಳ ಈ ಪತ್ರಿಕೆಯ ವಾಚಕರಿಗೆ ಈ ಪ್ರಶ್ನೆ ಹೊರಗಿನದೆಂದು ತೋರಲಾರದು.

೨

ಉಪಕರಣಗಳಲ್ಲಿ ಮುಖ್ಯವಾದುವು ಮೂರು. ಮೊದಲನೆಯದು ವಿದ್ಯುದ್ರೋಧವನ್ನು ಅಳೆಯುವುದು. ನೆಲಕ್ಕೆ ಲೋಹದ ಕಡ್ಡಿಗಳನ್ನು ಊರಿ ವಿದ್ಯುತ್ತನ್ನು ಹಾಯಿಸಿದರೆ ತೇವವುಳ್ಳ ಮಣ್ಣು ಅದನ್ನು ಸುಲಭವಾಗಿ ಬಿಟ್ಟುಕೊಡುತ್ತದೆ; ಕಲ್ಲಿನ ಗೋಡೆ, ಟೊಳ್ಳು ಮೊದಲಾದುವು ತಡೆಯುತ್ತವೆ. ಎರಡನೆಯದು ಭೂಮಿಯ ಕಾಂತಬಲದಲ್ಲಿ ಸ್ಥಳದಿಂದ ಸ್ಥಳಕ್ಕೆ ಆಗುವ ಅತಿ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವುದು. ಬೆಂಕಿಯಲ್ಲಿ ಬೆಂದ ಮಣ್ಣು ಕಾಂತಗುಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಆವಿಗೆ, ಒಲೆ, ಇಟ್ಟಿಗೆಗಳು ಇದಕ್ಕೆ ಚೆನ್ನಾಗಿ ಕಾಣುತ್ತವೆ. ಮೂರನೆಯದೇ ನೆಲದೊಳಕ್ಕೆ ಹಾಯುವ ರೇಡಾರು, ಎಂದರೆ ಜಿಪಿಆರ್.

ಇದರ ಕೆಲಸವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಗಾಡಿಯಂತಹ ಒಂದು ಚೌಕಟ್ಟಿನಲ್ಲಿ ಆಂಟೆನಾವನ್ನಿಟ್ಟು ನೆಲದ ಮೇಲೆ ನೇರವಾದ ಸಾಲುಗಳಲ್ಲಿ ಎಳೆದುಕೊಂಡು ಹೋಗುವರು. ಸಮಾಧಿಗಳನ್ನು ಹುಡುಕುವಾಗ ಸಾಲುಗಳ ನಡುವೆ ಸಾಮಾನ್ಯವಾಗಿ ೨೫ರಿಂದ ೫೦ ಸೆಂಟಿಮೀಟರುಗಳ ಅಂತರವಿರುತ್ತದೆ. ಆಂಟೆನಾದಿಂದ ಹೊರಟ ವಿದ್ಯುತ್ಕಾಂತ ತರಂಗ ಮಣ್ಣಿನ ಗುಣ ಬದಲಾಗುವೆಡೆಯಲ್ಲಿ ತಾಗಿ ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಕಾಲದಿಂದ ಆಳವನ್ನು ಲೆಕ್ಕಹಾಕುವರು. ಆದರೆ ಆ ತರಂಗದ ವೇಗ ಎಲ್ಲೆಡೆಯೂ ಒಂದೇ ಅಲ್ಲ. ಒಣಮರಳಿನಲ್ಲಿ ಅದು ಒಂದು ನ್ಯಾನೋಸೆಕೆಂಡಿಗೆ ಸುಮಾರು ೧೫ ಸೆಂಟಿಮೀಟರು ಸಾಗಿದರೆ, ನೆನೆದ ಜೇಡಿಯಲ್ಲಿ ಸುಮಾರು ೬ ಸೆಂಟಿಮೀಟರು ಮಾತ್ರ. ಜೇಡಿಯಲ್ಲಿ ಅದರ ಬಲವೂ ಬೇಗನೆ ಕುಗ್ಗಿ, ಎಷ್ಟೋ ವೇಳೆ ಒಂದು ಮೀಟರು ಇಳಿಯುವುದರೊಳಗೇ ಅಡಗಿಹೋಗುತ್ತದೆ. ಒಂದು ಕಲ್ಲೋ ಬೇರೋ ಎದುರಾದರೆ, ಆಂಟೆನಾ ಅದರ ಮೇಲಕ್ಕೆ ಬರುವ ಮೊದಲೂ ದಾಟಿದ ಮೇಲೂ ಮರುದನಿ ಬರುತ್ತಿರುವುದರಿಂದ, ಚಿತ್ರದಲ್ಲಿ ಅದು ಕವುಚಿದ ಬಿಲ್ಲಿನಂತೆ ಮೂಡುತ್ತದೆ.

ಈ ಮೂರು ಉಪಕರಣಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಎಲುಬನ್ನು ತೋರಿಸುವುದಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ರೇಡಾರಿಗೆ ಕಾಣುವುದು ಗುಂಡಿಯನ್ನು ತೋಡುವಾಗ ಕಡಿದುಹೋದ ಪದರ, ಮರಳಿ ತುಂಬಿದ ಸಡಿಲ ಮಣ್ಣು, ಪೆಟ್ಟಿಗೆಯಿದ್ದರೆ ಅದರೊಳಗಿನ ಟೊಳ್ಳು, ಇಷ್ಟು. ಕಾಲ ಕಳೆದಂತೆ ಪೆಟ್ಟಿಗೆ ಕುಸಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಮಳೆನೀರು ಇಳಿದಿಳಿದು ಪದರಗಳ ಅಂಚು ಮಸಕಾಗುತ್ತದೆ. ಪೆಟ್ಟಿಗೆಯಿಲ್ಲದೆ ಬಟ್ಟೆಯಲ್ಲಿ ಸುತ್ತಿ ಹೂಳಿದ ಶಿಶುವಿನ ಗುಳಿ ಇವೆಲ್ಲಕ್ಕಿಂತ ಮೊದಲೇ ಮಸಕಾಗುತ್ತದೆ. ಎಂದರೆ, ಯಾರ ಸಮಾಧಿಗೆ ಲೋಕ ಕಡಮೆ ಆದರವನ್ನು ತೋರಿತೋ ಅವರದೇ ಉಪಕರಣಕ್ಕೂ ಕಡಮೆ ಕಾಣುತ್ತದೆ.

೩

ಈ ವಿದ್ಯೆ ಅತ್ಯುತ್ತಮವಾಗಿ ಫಲಿಸಿದ ಒಂದು ನಿದರ್ಶನವನ್ನು ಮೊದಲು ನೋಡೋಣ. ಇಟಲಿಯ ತಾರ್ಕ್ವೀನಿಯಾ, ಚೆರ್ವೆತೆರಿಗಳಲ್ಲಿ ಪ್ರಾಚೀನ ಎಟ್ರಸ್ಕನ್ ಜನರ ಸಮಾಧಿಗಳು ಸಾವಿರಾರು ಇವೆ. ಇವು ಬಂಡೆಯಲ್ಲಿ ಕೊರೆದ ಕೋಣೆಗಳು. ಮೇಲಿದ್ದ ದಿಬ್ಬಗಳು ಉಳುಮೆಯಿಂದ ಸಮನಾಗಿ, ಬಹುಪಾಲು ಗುರುತಿಲ್ಲದೆ ಹೋಗಿದ್ದುವು. ಮಿಲಾನಿನ ಎಂಜಿನಿಯರ್ ಕಾರ್ಲೋ ಲೆರಿಚಿಯವರು ೧೯೫೦ರ ದಶಕದಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನೂ ವಿದ್ಯುದ್ರೋಧದ ಅಳತೆಗಳನ್ನೂ ಕೂಡಿಸಿ ಇವನ್ನು ಹುಡುಕಿದರು. ಟೊಳ್ಳು ಇರುವೆಡೆ ವಿದ್ಯುತ್ತು ಹಾಯದಾದುದರಿಂದ ಕೋಣೆಗಳ ಸ್ಥಾನ ಸ್ಪಷ್ಟವಾಗುತ್ತಿದ್ದಿತು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಅಳತೆ ಸೂಚಿಸಿದೆಡೆಯಲ್ಲಿ ಸಣ್ಣದೊಂದು ರಂಧ್ರವನ್ನು ಕೊರೆದು, ದೀಪವೂ ಕ್ಯಾಮರಾವೂ ಉಳ್ಳ ಉದ್ದನೆಯ ಕೊಳವೆಯನ್ನು ಇಳಿಬಿಟ್ಟು ಒಳಗಿನ ಗೋಡೆಗಳ ಛಾಯಾಚಿತ್ರವನ್ನು ತೆಗೆದರು. ಕಳ್ಳರು ಹಿಂದೆಯೇ ಬರಿದುಮಾಡಿದ್ದ ಕೋಣೆಯಾದರೆ ಅಗೆಯದೆ ಬಿಟ್ಟರು; ಬೆಲೆಯುಳ್ಳದ್ದಾದರೆ ಅಗೆದರು. ಓಟದ ಪಂದ್ಯ, ರಥಗಳ ಸ್ಪರ್ಧೆಗಳ ವರ್ಣಚಿತ್ರಗಳಿಂದ ಪ್ರಸಿದ್ಧವಾಗಿರುವ ಒಲಿಂಪಿಕ್ ಕ್ರೀಡೆಗಳ ಸಮಾಧಿ ೧೯೫೮ರಲ್ಲಿ ತಾರ್ಕ್ವೀನಿಯಾದಲ್ಲಿ ಹೀಗೆಯೇ ದೊರೆಯಿತು.

ಲೆರಿಚಿಯವರ ಕ್ರಮದ ಹೆಚ್ಚಳ ಉಪಕರಣದ ಸೂಕ್ಷ್ಮತೆಯಲ್ಲಿಲ್ಲ. ಅನುಮಾನದ ಬೆನ್ನಿಗೇ ಪ್ರತ್ಯಕ್ಷವನ್ನು ತಂದು ನಿಲ್ಲಿಸಿದುದರಲ್ಲಿದೆ. ಅವರಿಗೆ ಅನುಕೂಲಗಳೂ ಇದ್ದುವು. ಬಂಡೆಗೂ ಟೊಳ್ಳಿಗೂ ಇರುವ ಭೇದ ದೊಡ್ಡದು. ಕೋಣೆಗಳ ಆಕಾರ ಮೊದಲೇ ತಿಳಿದುದು. ಪರೀಕ್ಷಿಸಿ ನೋಡುವುದು ಸುಲಭ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಮಲಗಿದ್ದವರು ಎರಡೂವರೆ ಸಾವಿರ ವರ್ಷಗಳ ಹಿಂದಿನವರು. ಅವರಿಗಾಗಿ ಬಾಗಿಲಲ್ಲಿ ಕಾದು ಕುಳಿತ ತಾಯಿಯಾಗಲಿ ತಂಗಿಯಾಗಲಿ ಯಾರೂ ಇರಲಿಲ್ಲ. ಈ ಅನುಕೂಲಗಳಲ್ಲಿ ಒಂದೂ ಇಲ್ಲದೆಡೆಯಲ್ಲಿ ಅದೇ ನಿಶ್ಚಯದ ಮಾತನ್ನಾಡುವುದೇ ನಮ್ಮ ಕಾಲದ ದೋಷವಾಗಿದೆ.

೪

ತರ್ಕಶಾಸ್ತ್ರದ ಬಾಲಪಾಠವೊಂದನ್ನು ಇಲ್ಲಿ ನೆನೆಯುವುದು ಉಪಯುಕ್ತ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನ. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ಸರಿಯಲ್ಲ; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆಯನ್ನು ಊಹಿಸಬೇಕಾದರೆ ಹಸಿಸೌದೆಯೆಂಬ ಉಪಾಧಿ ಕೂಡಿರಬೇಕು. ಹಾಗೆಯೇ, ಸಮಾಧಿಯಿದ್ದೆಡೆ ನೆಲ ಕದಡಿರುತ್ತದೆಯೆಂಬುದು ನಿಜ. ನೆಲ ಕದಡಿದೆಡೆಯಲ್ಲೆಲ್ಲ ಸಮಾಧಿಯಿರುತ್ತದೆಯೆಂಬುದು ನಿಜವಲ್ಲ. ಮರದ ಬೇರು, ಹೆಗ್ಗಣದ ಬಿಲ, ನೀರಿನ ಕೊಳವೆ, ಹಳೆಯ ಬೇಲಿಯ ಗುಳಿ, ಹಿಂದಿನ ಸಂಶೋಧಕನು ಅಗೆದುಬಿಟ್ಟ ಗುಂಡಿ, ಎಲ್ಲವೂ ನೆಲವನ್ನು ಕದಡುತ್ತವೆ. ಆದುದರಿಂದ ಬರಿಯ ವೈಲಕ್ಷಣ್ಯವನ್ನು ಹೇತುವಾಗಿ ಹಿಡಿದರೆ ಅದು ಸವ್ಯಭಿಚಾರವಾಗುತ್ತದೆ. ಅದರೊಡನೆ ಉಪಾಧಿಗಳು ಕೂಡಬೇಕು: ಮನುಷ್ಯದೇಹಕ್ಕೆ ತಕ್ಕ ಉದ್ದ ಅಗಲ, ಒಂದೇ ದಿಕ್ಕಿಗೆ ತಿರುಗಿದ ಸಾಲು, ಸ್ಮಶಾನವಿದ್ದುದಕ್ಕೆ ಕಾಗದದ ಸಾಕ್ಷ್ಯ, ಬದುಕಿರುವವರ ನೆನಪು.

ಈ ವ್ಯತ್ಯಾಸವನ್ನು ಒಂದೇ ಸಂಸ್ಥೆಯ ನೆಲ ಎರಡು ಬಾರಿ ತೋರಿಸಿಕೊಟ್ಟಿದೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಮರಿಯಾನ್ನಾದಲ್ಲಿ ಡೋಜಿಯರ್ ಬಾಲಕರ ಶಾಲೆಯೆಂಬ ಸರಕಾರದ ಸುಧಾರಣಾಲಯ ೧೯೦೦ರಿಂದ ೨೦೧೧ರ ವರೆಗೆ ಇದ್ದಿತು. ಅದರ ಸ್ಮಶಾನದಲ್ಲಿ ೩೧ ಶಿಲುಬೆಗಳಿದ್ದುವು. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾನಿಲಯದ ಎರಿನ್ ಕಿಮರ್ಲೆಯವರ ತಂಡ ಶಾಲೆಯ ದಾಖಲೆಗಳನ್ನು ಹುಡುಕಿ, ಅಲ್ಲಿದ್ದ ಬಾಲಕರ ಬಂಧುಗಳನ್ನು ವಿಚಾರಿಸಿ, ರೇಡಾರನ್ನು ಎಳೆದು, ಶಿಲುಬೆಗಳ ಲೆಕ್ಕ ತಪ್ಪೆಂದು ತಿಳಿಸಿತು. ೨೦೧೩ರಲ್ಲಿ ಅಗೆದಾಗ ೫೫ ಸಮಾಧಿಗಳೂ ೫೧ ಮಂದಿಯ ಅವಶೇಷಗಳೂ ದೊರೆತುವು. ಬಹುಪಾಲು ಸಮಾಧಿಗಳು ಶಿಲುಬೆಗಳಿದ್ದ ಆವರಣದ ಹೊರಗೆ, ಪೊದೆಗಳಲ್ಲಿಯೂ ಮರಗಳ ಕೆಳಗೂ ಇದ್ದುವು. ಸರಕಾರದ ಗುರುತು ಸುಳ್ಳಾಯಿತು, ಬಂಧುಗಳ ಮಾತು ನಿಜವಾಯಿತು.

೨೦೧೯ರಲ್ಲಿ ಅದೇ ನೆಲದಲ್ಲಿ, ಎಣ್ಣೆ ಸೋರಿ ಕೆಟ್ಟ ಮಣ್ಣನ್ನು ಶುದ್ಧಿಮಾಡುವ ಕೆಲಸದ ನಡುವೆ ಮತ್ತೆ ರೇಡಾರನ್ನು ಎಳೆದಾಗ ೨೭ ವೈಲಕ್ಷಣ್ಯಗಳು ಕಂಡುವು. ಇವೂ ಸಮಾಧಿಗಳಿರಬಹುದೆಂಬ ಸುದ್ದಿ ಹಬ್ಬಿತು. ಅದೇ ವಿಶ್ವವಿದ್ಯಾನಿಲಯದ ತಂಡ ಅಗೆದು ನೋಡಿದಾಗ ದೊರೆತುದು ಹಳೆಯ ಮರಗಳ ಬೇರುಗಳು. ಮನುಷ್ಯದೇಹದ ಅವಶೇಷ ಒಂದೂ ಇರಲಿಲ್ಲ. ಉಪಕರಣ ಎರಡು ಸಲವೂ ಸುಳ್ಳಾಡಲಿಲ್ಲ. ನೆಲ ಕದಡಿದೆಯೆಂದು ಎರಡು ಸಲವೂ ಹೇಳಿತು, ಎರಡು ಸಲವೂ ಅದು ನಿಜವಾಗಿದ್ದಿತು. ಮೊದಲನೆಯ ಸಲ ಉಪಾಧಿಗಳಿದ್ದುವು, ಎರಡನೆಯ ಸಲ ಇರಲಿಲ್ಲ.

೫

ಇನ್ನು ಕೆನಡಾದ ಪ್ರಕರಣಕ್ಕೆ ಬರೋಣ. ಈ ವಿಮರ್ಶೆಗೆ ಪ್ರೇರಣೆಯಾದುದು ಅದೇ. ಆ ದೇಶದ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ವಸತಿಶಾಲೆಗಳಲ್ಲಿಟ್ಟು, ಅವರ ನುಡಿಯನ್ನೂ ನಡೆಯನ್ನೂ ಬಿಡಿಸುವ ಏರ್ಪಾಡು ಒಂದು ಶತಮಾನಕ್ಕೂ ಮೀರಿ ನಡೆಯಿತು. ಕಾಮ್ಲೂಪ್ಸಿನ ಶಾಲೆ ೧೮೯೦ರಲ್ಲಿ ಆರಂಭವಾದುದು. ೨೦೨೧ರ ಮೇ ೨೭ರಂದು ಅಲ್ಲಿಯ ಟ್ಕೆಮ್ಲೂಪ್ಸ್ ಜನಸಮುದಾಯದವರು, ರೇಡಾರ್ ಶೋಧನೆಯಿಂದ ೨೧೫ ಮಕ್ಕಳ ಅವಶೇಷಗಳಿರುವುದು ಖಚಿತವಾಯಿತೆಂದು ಪ್ರಕಟಿಸಿದರು. ಆ ಶೋಧನೆಯನ್ನು ನಡೆಸಿದ ಸಾರಾ ಬೋಲಿಯೂರವರು ಜುಲೈ ೧೫ರಂದು ವರದಿಯೊಪ್ಪಿಸುವಾಗ ಸಂಖ್ಯೆಯನ್ನು ೨೦೦ಕ್ಕೆ ಇಳಿಸಿದರು. ಹಿಂದೆ ಅಗೆತ ನಡೆದಿದ್ದ ಎಡೆಗಳನ್ನು ಲೆಕ್ಕದಿಂದ ಬಿಟ್ಟರು. ಇವು ಸಂಭಾವ್ಯ ಸಮಾಧಿಗಳೆಂದೂ, ಅಗೆದು ನೋಡಿದ ಹೊರತು ನಿರ್ಣಯಿಸಲಾಗದೆಂದೂ ಸ್ಪಷ್ಟವಾಗಿ ನುಡಿದರು.

ಸಂಶೋಧಕಿಯ ಮಾತಿನಲ್ಲಿ ದೋಷವಿಲ್ಲ. ಆದರೆ ಏಳು ವಾರಗಳೊಳಗೆ ಮೊದಲಿನ ಮಾತು ಲೋಕವೆಲ್ಲ ಹಬ್ಬಿದ್ದಿತು. 'ಸಂಭಾವ್ಯ' ಎಂಬ ವಿಶೇಷಣ ದಾರಿಯಲ್ಲಿ ಉದುರಿಹೋಯಿತು. ಕೆಲವು ಪತ್ರಿಕೆಗಳಲ್ಲಿ 'ಸಾಮೂಹಿಕ ಸಮಾಧಿ' ಎಂಬ ಹೊಸ ಮಾತು ಬಂದು ಸೇರಿತು. ಸಾಮೂಹಿಕ ಸಮಾಧಿಯೆಂದರೆ ಒಂದೇ ಗುಂಡಿಯಲ್ಲಿ ಹಲವರನ್ನು ಒಟ್ಟಾಗಿ ಹೂಳಿದುದು. ಗುರುತಿಲ್ಲದ ಸಮಾಧಿಯೆಂದರೆ ಬೇರೆ ಬೇರೆಯಾಗಿ ಹೂಳಿ, ಗುರುತಿಡದೆ ಬಿಟ್ಟುದು, ಅಥವಾ ಇಟ್ಟ ಗುರುತು ಅಳಿದುದು. ಅದೇ ವರ್ಷದ ಜೂನಿನಲ್ಲಿ ಕೌಸೆಸ್ ಸಮುದಾಯದವರು ಮರೀವಲ್ ಶಾಲೆಯ ಬಳಿ ೭೫೧ ಗುರುತಿಲ್ಲದ ಸಮಾಧಿಗಳ ವಿಷಯವನ್ನು ಪ್ರಕಟಿಸಿದಾಗ, ಇದು ಸಾಮೂಹಿಕ ಸಮಾಧಿಯಲ್ಲವೆಂದೂ, ನೂರಕ್ಕೆ ಹತ್ತರಿಂದ ಹದಿನೈದರಷ್ಟು ತಪ್ಪಿರಬಹುದೆಂದೂ ಅವರ ಮುಖ್ಯಸ್ಥರೇ ಹೇಳಿದರು. ಅದು ಮೊದಲೇ ಸ್ಮಶಾನವಾಗಿದ್ದ ನೆಲ. ಅಲ್ಲಿದ್ದ ಗುರುತುಗಳನ್ನು ೧೯೬೦ರ ದಶಕದಲ್ಲಿ ಕಿತ್ತುಹಾಕಲಾಯಿತೆಂದು ಹಿರಿಯರ ಹೇಳಿಕೆಯಿದೆ. ಈ ಎಚ್ಚರವನ್ನು ಓದುಗರಿಗೆ ಮುಟ್ಟಿಸಿದ ಪತ್ರಿಕೆಗಳು ಕಡಮೆ.

ಇದರ ಫಲವನ್ನು ಅನುಭವಿಸಿದವರು ಪತ್ರಿಕೆಗಳವರಲ್ಲ. ೨೦೨೩ರಲ್ಲಿ ಮ್ಯಾನಿಟೋಬದ ಪೈನ್ ಕ್ರೀಕಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕಂಡಿದ್ದ ೧೪ ವೈಲಕ್ಷಣ್ಯಗಳನ್ನು ಅಲ್ಲಿಯ ಸಮುದಾಯದವರೇ ಮುಂದೆ ನಿಂತು ಅಗೆಯಿಸಿದರು. ಮನುಷ್ಯರ ಅವಶೇಷಗಳಿಗೆ ನಿಶ್ಚಿತವಾದ ಸಾಕ್ಷ್ಯ ದೊರೆಯಲಿಲ್ಲವೆಂದು ಅವರೇ ಲೋಕಕ್ಕೆ ತಿಳಿಸಿದರು. ಸತ್ಯಕ್ಕೆ ತಲೆಬಾಗಿದ ಈ ನಡತೆ ಶ್ಲಾಘ್ಯವಾದುದು. ಆದರೆ ಒಡನೆಯೇ ಇನ್ನೊಂದು ಗುಂಪು ಎದ್ದು, ಇಲ್ಲಿ ಏನೂ ಸಿಕ್ಕಲಿಲ್ಲವಾದುದರಿಂದ ಎಲ್ಲಿಯೂ ಏನೂ ಇಲ್ಲ, ಮಕ್ಕಳು ಸತ್ತ ಕಥೆಯೆಲ್ಲ ಕಲ್ಪಿತವೆಂದು ಸಾರತೊಡಗಿತು.

ಇದು ಮೊದಲಿನದಕ್ಕಿಂತ ದೊಡ್ಡ ಹೇತ್ವಾಭಾಸ. ಕಾಣದಿರುವುದರಿಂದ ಇಲ್ಲವೆಂದು ಹೇಳಬೇಕಾದರೆ, ಇದ್ದಿದ್ದರೆ ಕಾಣಲು ಯೋಗ್ಯವಾಗಿದ್ದಿರಬೇಕೆಂದು ಮೀಮಾಂಸಕರು ನಿಯಮಮಾಡಿದ್ದಾರೆ. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಕೊಡವಿಲ್ಲವೆಂದು ಸಿದ್ಧವಾಗುವುದಿಲ್ಲ. ಒಂದು ನೆಲಮಾಳಿಗೆಯ ೧೪ ಎಡೆಗಳಲ್ಲಿ ಇಲ್ಲವೆಂದುದು ಆ ೧೪ ಎಡೆಗಳಿಗೆ ಮಾತ್ರ ಸಲ್ಲುವ ಮಾತು. ಮೇಲಾಗಿ, ಮಕ್ಕಳ ಮರಣವೆಂಬ ಸಂಗತಿ ರೇಡಾರಿನ ಮೇಲೆ ನಿಂತುದೇ ಅಲ್ಲ. ೨೦೧೫ರಲ್ಲಿ ಕೆಲಸವನ್ನು ಮುಗಿಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ, ಯಾವ ರೇಡಾರಿನ ಹಂಗೂ ಇಲ್ಲದೆ, ಶಾಲೆಗಳ ಮತ್ತು ಸರಕಾರದ ಕಾಗದಗಳಿಂದಲೇ ೩,೨೦೦ ಮರಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ನೂರಕ್ಕೆ ೩೨ರಲ್ಲಿ ಸತ್ತ ಮಗುವಿನ ಹೆಸರನ್ನು ಬರೆದಿಟ್ಟಿರಲಿಲ್ಲ. ನೂರಕ್ಕೆ ೪೯ರಲ್ಲಿ ಸಾವಿನ ಕಾರಣವನ್ನು ಬರೆದಿಟ್ಟಿರಲಿಲ್ಲ. ಮಣ್ಣಿನ ಮೇಲೆ ಗುರುತಿಲ್ಲದುದಕ್ಕೆ ಮೊದಲು ಕಾಗದದ ಮೇಲೆಯೇ ಗುರುತಿರಲಿಲ್ಲ. ಇಷ್ಟು ಬಲವಾದ ಸಾಕ್ಷ್ಯವಿದ್ದರೂ, ದುರ್ಬಲವಾದುದನ್ನು ಮುಂದಿಟ್ಟು ಅದಕ್ಕೆ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಿದುದರಿಂದ, ಅದು ಕುಸಿದಾಗ ಬಲವಾದುದೂ ಕುಸಿಯಿತೆಂಬ ಭ್ರಾಂತಿಗೆ ಎಡೆಯಾಯಿತು.

ಐರ್ಲೆಂಡಿನ ಟೂಮಿನಲ್ಲಿ ಕ್ರಮ ಬೇರೆಯಾಗಿದ್ದಿತು. ೧೯೨೫ರಿಂದ ೧೯೬೧ರ ವರೆಗೆ ನಡೆದ ಅಲ್ಲಿಯ ತಾಯಿಮಕ್ಕಳ ಆಶ್ರಮದಲ್ಲಿ ಸತ್ತ ೭೯೬ ಮಕ್ಕಳ ಮರಣದಾಖಲೆಗಳನ್ನು ಕ್ಯಾಥರಿನ್ ಕೋರ್ಲೆಸ್ ಎಂಬ ಸ್ಥಳೀಯ ಇತಿಹಾಸಜ್ಞೆ ಮೊದಲು ಕೂಡಿಹಾಕಿದರು; ಹೂಳಿದ ದಾಖಲೆ ಮಾತ್ರ ಅವರಿಗೆ ಸಿಕ್ಕಲಿಲ್ಲ. ಆಮೇಲೆ ನೆಲದ ಶೋಧನೆ, ಅದರ ಮೇಲೆ ೨೦೧೬-೧೭ರ ಪರೀಕ್ಷಾ ಉತ್ಖನನ. ನೆಲದಡಿಯ ೨೦ ಗೂಡುಗಳಲ್ಲಿ ಕನಿಷ್ಠ ೧೭ರಲ್ಲಿ ಶಿಶುಗಳ ಅವಶೇಷಗಳು ಕಂಡುವು. ಪೂರ್ಣವಾದ ಉತ್ಖನನ ೨೦೨೫ರಲ್ಲಿ ಆರಂಭವಾಯಿತು. ಕಾಗದ, ನೆನಪು, ಉಪಕರಣ, ಅಗೆತ, ಈ ನಾಲ್ಕು ಒಂದರ ಹಿಂದೊಂದು ಬಂದುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬಿತು.

೬

ಹಾಗಾದರೆ ಎಲ್ಲೆಡೆಯೂ ಅಗೆಯಲೇಬೇಕೆಂದು ನಮ್ಮ ಮತವೆ? ಅಲ್ಲ. ಸತ್ತವರನ್ನು ಕದಲಿಸಬಾರದೆಂಬ ನಂಬಿಕೆಯುಳ್ಳ ಸಮುದಾಯಗಳುಂಟು. ನೆಲವನ್ನು ಮುಟ್ಟದೆ ಬೇಲಿಕಟ್ಟಿ ಕಾಪಾಡುವುದಕ್ಕೆ ಈ ಶೋಧನೆ ಒಳ್ಳೆಯ ಸಾಧನ. ಅಗೆಯಬೇಕೋ ಬೇಡವೋ ಎಂಬ ನಿರ್ಣಯ ಬಂಧುಗಳಿಗೆ ಸೇರಿದುದು. ಆದರೆ ಅಗೆಯದೆ ಬಿಟ್ಟುದನ್ನು ಅಗೆದು ಕಂಡುದರಂತೆ ಹೇಳುವ ಅಧಿಕಾರ ಯಾರಿಗೂ ಇಲ್ಲ. 'ಸಂಭಾವ್ಯ' ಎಂಬ ಮಾತು ದುಃಖಕ್ಕೆ ಅವಮಾನವಲ್ಲ, ದುಃಖಕ್ಕೆ ಕಾವಲು.

ಈ ವಿಷಯದಲ್ಲಿ ನಮ್ಮ ಶಾಸನಸಂಪಾದಕರ ಸಂಪ್ರದಾಯವನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬಹುದೆಂದು ತೋರುತ್ತದೆ. ಕಲ್ಲಿನಲ್ಲಿ ಕಾಣುವ ಅಕ್ಷರವನ್ನು ಇದ್ದಂತೆಯೇ ಅಚ್ಚುಹಾಕುವರು. ಊಹಿಸಿ ತುಂಬಿದುದನ್ನು ಕಂಸದೊಳಗಿಡುವರು. ಊಹೆಗೂ ನಿಲುಕದೆಡೆಯಲ್ಲಿ ಚುಕ್ಕಿಗಳನ್ನಿಟ್ಟು ಸುಮ್ಮನಾಗುವರು. ಅಚ್ಚೊತ್ತಿದ ಪ್ರತಿಯ ಚಿತ್ರವೂ ಜೊತೆಗಿದ್ದರೆ ಮುಂದಿನವನು ತಾನೇ ಓದಿ ಒಪ್ಪಬಹುದು, ತಿದ್ದಬಹುದು. ನೆಲದ ಶೋಧನೆಯ ವರದಿಗಳೂ ಹೀಗೆಯೇ ಇರಬೇಕು. ಮಣ್ಣು ಎಂತಹುದು, ಶೋಧನೆ ನಡೆದ ಋತು ಯಾವುದು, ಸಾಲುಗಳ ಅಂತರವೆಷ್ಟು ಎಂಬುದನ್ನು ಮೊದಲು ಹೇಳಬೇಕು. ಉಪಕರಣ ಕಂಡುದು ಬೇರೆ, ಸಂಶೋಧಕನು ಅದನ್ನು ಏನೆಂದು ಓದಿದನೆಂಬುದು ಬೇರೆ. ಎರಡನ್ನೂ ಬೇರೆಯಾಗಿ ತೋರಿಸಬೇಕು. ಅದೇ ನೆಲದಲ್ಲಿ ಗುರುತುಳ್ಳ ಸಮಾಧಿಯೊಂದಿದ್ದರೆ ಅದರ ಮೇಲೆ ಉಪಕರಣವನ್ನು ಮೊದಲು ಎಳೆದು, ನಿಜವಾದ ಸಮಾಧಿ ಅಲ್ಲಿ ಹೇಗೆ ಕಾಣುತ್ತದೆಂಬ ಮಾದರಿಯನ್ನು ಕೊಡಬೇಕು. ಚಿತ್ರಗಳು ಬಂಧುಗಳ ಒಪ್ಪಿಗೆಯಿಂದ ಇತರ ಪರಿಣತರ ಪರೀಕ್ಷೆಗೆ ದೊರೆಯಬೇಕು.

ನಮ್ಮ ನಾಡಿಗೂ ಇದರಿಂದ ಪಾಠವುಂಟು. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲುಗಳನ್ನು ನಿಲ್ಲಿಸಿ ಸತ್ತವರ ಹೆಸರನ್ನು ಕಲ್ಲಿಗೆ ಒಪ್ಪಿಸಿದ ನಾಡು ಇದು. ೧೯೪೭ರಲ್ಲಿ ಬ್ರಹ್ಮಗಿರಿಯಲ್ಲಿ ವ್ಹೀಲರರು ಅಗೆದ ಶಿಲಾಸಮಾಧಿಗಳಿಗೆ ಸುತ್ತ ನಿಲ್ಲಿಸಿದ ಬಂಡೆಗಳೇ ಗುರುತಾಗಿದ್ದುವು. ಆದರೆ ಅದೇ ಬ್ರಹ್ಮಗಿರಿಯ ಅದಕ್ಕೂ ಹಿಂದಿನ ಜನ ತಮ್ಮ ಶಿಶುಗಳನ್ನು ಮಡಕೆಗಳಲ್ಲಿಟ್ಟು ವಸತಿಯ ನಡುವೆಯೇ ಹೂಳಿದ್ದರು. ಅವಕ್ಕೆ ಮೇಲೆ ಯಾವ ಕಲ್ಲೂ ಇರಲಿಲ್ಲ. ಅಂತಹುವನ್ನು ಹುಡುಕುವಲ್ಲಿ ಈ ಉಪಕರಣಗಳ ನೆರವನ್ನು ಬೇಡವೆನ್ನುವವರಿಲ್ಲ. ಉತ್ತರದ ಎರೆಭೂಮಿಯಲ್ಲಿ ಜೇಡಿ ರೇಡಾರಿನ ಬಲವನ್ನು ಹೀರುತ್ತದೆ, ಬೇಸಗೆಯ ಬಿರುಕುಗಳು ಸುಳ್ಳು ಗೆರೆಗಳನ್ನು ಮೂಡಿಸುತ್ತವೆ. ಕರಾವಳಿಯ ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಕಾಂತಮಾಪನಕ್ಕೆ ತೊಡಕಾಗುತ್ತದೆ. ಹೊರನಾಡಿನ ಮರಳುಭೂಮಿಯಲ್ಲಿ ಪಡೆದ ಭರವಸೆಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ನಮ್ಮ ಮಣ್ಣಿನಲ್ಲಿಯೇ ಮಾದರಿಗಳನ್ನು ಮೊದಲು ಸಿದ್ಧಪಡಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಹಾಳಾದ ಪ್ರತಿಯಲ್ಲಿ ಒಂದು ಪದ್ಯವನ್ನು ತಪ್ಪಾಗಿ ತುಂಬಿದರೆ ಕವಿಗೆ ಅನ್ಯಾಯವಾಗುತ್ತದೆ; ಇನ್ನೊಂದು ಪ್ರತಿ ದೊರೆತಾಗ ಅದನ್ನು ತಿದ್ದಬಹುದು. ಇಲ್ಲಿ ತಪ್ಪು ಓದಿದರೆ ಆಗುವ ಅನ್ಯಾಯ ಎರಡು ಬಗೆ. ಇಲ್ಲದೆಡೆ ಇದೆಯೆಂದರೆ, ಒಬ್ಬ ತಾಯಿ ಮರದ ಬೇರಿನ ಮುಂದೆ ನಿಂತು ಅಳುತ್ತಾಳೆ. ಇದ್ದೆಡೆ ಇಲ್ಲವೆಂದರೆ, ಆಕೆಯ ಮಗುವಿನ ಮೇಲೆ ನಾಳೆ ರಸ್ತೆ ಹಾಯುತ್ತದೆ. ವರದಿಯನ್ನು ಬರೆಯುವವರೂ ಅದನ್ನು ಓದಿ ಇತರರಿಗೆ ಹೇಳುವವರೂ ಇವೆರಡನ್ನೂ ಎದುರಿಗಿಟ್ಟುಕೊಂಡು ಮಾತನ್ನು ಅಳೆಯಬೇಕೆಂಬುದೇ ನಮ್ಮ ವಿಜ್ಞಾಪನೆ.